ಗೋಡೆಯಿಂದ ಹೊರಬರುವ ಕೋಣೆ

ಬೆಂಕಿಪೊಟ್ಟಣದ ಒಳಗೂಡನ್ನು ಬೆರಳಿನಿಂದ ನೂಕಿದರೆ ಹೊರಕ್ಕೆ ಜಾರುತ್ತದೆ. ಮರಳಿ ನೂಕಿದರೆ ತನ್ನ ಸ್ಥಾನವನ್ನು ಸೇರಿಕೊಳ್ಳುತ್ತದೆ. ಇದೇ ಆಟವನ್ನು ಒಂದು ಮನೆಯೇ ಆಡತೊಡಗಿದರೆ? ಗುಂಡಿಯೊಂದನ್ನು ಒತ್ತಿದೊಡನೆ ಗೋಡೆಯ ಒಂದು ಭಾಗ, ಅದಕ್ಕೆ ಹೊಂದಿಕೊಂಡ ಸೋಫಾ, ಊಟದ ಮೇಜು, ಕಿಟಕಿ, ಕಿಟಕಿಯ ಪರದೆಗಳ ಸಮೇತ ಮೆಲ್ಲನೆ ಬಯಲಿನ ಕಡೆಗೆ ಸರಿದು ನಿಂತರೆ? ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿಬರಲು ಹೋದ ಕನ್ನಡನಾಡಿನ ತಾಯ್ತಂದೆಯರಲ್ಲಿ ಕೆಲವರಾದರೂ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಬಿಡಾರದ ಬಯಲುಗಳಲ್ಲಿ ಈ ದೃಶ್ಯವನ್ನು ಕಂಡು ಬೆರಗಾಗಿರಬಹುದು.

ಆ ದೇಶದಲ್ಲಿ ಚಕ್ರಗಳ ಮೇಲಿನ ಈ ಮನೆಗಳಿಗೆ ‘ಆರ್‌ವಿ’ ಎಂದು ಹೆಸರು. ಕೆಲವು ತಾವೇ ಇಂಜಿನ್ನುಳ್ಳ ಬಸ್ಸುಗಳಂತಿರುತ್ತವೆ. ಕೆಲವನ್ನು ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯಬೇಕು. ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ ಎಲ್ಲವೂ ಒಳಗೇ ಅಡಕ. ಆದರೆ ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ವಾಹನದ ಅಗಲ ಸಾಮಾನ್ಯವಾಗಿ 102 ಅಂಗುಲ, ಎಂದರೆ ಎಂಟೂವರೆ ಅಡಿ, ಮೀರುವಂತಿಲ್ಲ. ಎಂಟೂವರೆ ಅಡಿಯಲ್ಲಿ ಎರಡು ಗೋಡೆಗಳ ದಪ್ಪವನ್ನು ಕಳೆದು, ಒಂದು ಬದಿಗೆ ಒಲೆಯನ್ನೂ ಇನ್ನೊಂದು ಬದಿಗೆ ಸೋಫಾವನ್ನೂ ಇರಿಸಿದ ಮೇಲೆ ನಡುವೆ ಉಳಿಯುವುದು ರೈಲುಗಾಡಿಯ ಓಣಿಯಷ್ಟು ಜಾಗ. ಗಂಡ ಬಂದರೆ ಹೆಂಡತಿ ಪಕ್ಕಕ್ಕೆ ಸರಿಯಬೇಕು. ಓಡುವಾಗ ಕಿರಿದಾಗಿಯೂ ನಿಂತಾಗ ವಿಶಾಲವಾಗಿಯೂ ಇರಬಲ್ಲ ಮನೆಯೊಂದು ಬೇಕಾಗಿತ್ತು. ಇಂಡಿಯಾನಾ ಸಂಸ್ಥಾನದ ಎಲ್ಕ್‌ಹಾರ್ಟ್ ಜಿಲ್ಲೆ ಈ ವಾಹನೋದ್ಯಮದ ತವರು. ಅಲ್ಲಿನ ನ್ಯಾಪನಿ ಎಂಬ ಊರಿನ ನ್ಯೂಮಾರ್ ಕಂಪನಿಯು 1990ರಲ್ಲಿ ಜಾರುವ ಕೋಣೆಯನ್ನು ಮಾರುಕಟ್ಟೆಗೆ ತಂದಿತು. ‘ಸ್ಲೈಡ್-ಔಟ್’ ಎಂದು ಪ್ರಸಿದ್ಧವಾದ ಈ ಜಾರುಕೋಣೆಯು ಕೆಲವೇ ವರ್ಷಗಳಲ್ಲಿ ಇತರ ತಯಾರಕರ ವಾಹನಗಳಿಗೂ ಹಬ್ಬಿತು. ಇಂದು ಮೂರು ನಾಲ್ಕು ಜಾರುಕೋಣೆಗಳುಳ್ಳ ವಾಹನಗಳೂ ಉಂಟು.

ಇದು ಕೇವಲ ಶ್ರೀಮಂತರ ವಿಹಾರದ ವಸ್ತುವೆಂದು ತಿಳಿಯಬಾರದು. ನಿವೃತ್ತರಾದ ಮೇಲೆ ಊರಿನ ಮನೆಯನ್ನು ಮಾರಿ, ಬಂದ ಹಣದಲ್ಲಿ ಇಂತಹ ವಾಹನವೊಂದನ್ನು ಕೊಂಡು, ವರ್ಷವಿಡೀ ಅದರಲ್ಲಿಯೇ ಬಾಳುವ ವೃದ್ಧ ದಂಪತಿಗಳು ಅಲ್ಲಿ ಅನೇಕರಿದ್ದಾರೆ. ಬಾಡಿಗೆ ತೆರಲಾರದೆ ಹಳೆಯ ವಾಹನವನ್ನೇ ಮನೆ ಮಾಡಿಕೊಂಡವರೂ ಇದ್ದಾರೆ. ಚಳಿಗಾಲ ಬಂತೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಅರಿಜೋನಾ, ಫ್ಲಾರಿಡಾಗಳ ಬೆಚ್ಚನೆಯ ಬಯಲಿಗೆ ಬಂದಿಳಿಯುವ ಇವರನ್ನು ಅಲ್ಲಿಯ ಜನ ವಲಸೆಯ ಹಕ್ಕಿಗಳಿಗೆ ಹೋಲಿಸುತ್ತಾರೆ. ಹಕ್ಕಿಗಾದರೋ ಒಂದು ಗೂಡು ಕೆಟ್ಟರೆ ಇನ್ನೊಂದನ್ನು ಕಟ್ಟುವ ಶಕ್ತಿಯುಂಟು. ಪಿಂಚಣಿಯನ್ನೇ ನಂಬಿದವರಿಗೆ ಆ ಶಕ್ತಿಯಿಲ್ಲ. ಅವರ ಸರ್ವಸ್ವವೂ ಬೆರಳಗಲದ ಒಂದು ರಬ್ಬರು ಪಟ್ಟಿಯನ್ನು ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯೆನಿಸಬಹುದು. ಆದರೆ ವಸ್ತುಸ್ಥಿತಿ ಅದೇ.

ಜಾರುಕೋಣೆ ಎಂದರೆ ಗೋಡೆಯಲ್ಲಿ ಕೊರೆದ ಒಂದು ದೊಡ್ಡ ಕಂಡಿ, ಮತ್ತು ಆ ಕಂಡಿಯೊಳಗೆ ಓಡಾಡುವ ಒಂದು ಪೆಟ್ಟಿಗೆ. ಪೆಟ್ಟಿಗೆ ಸರಾಗವಾಗಿ ಓಡಾಡಬೇಕಾದರೆ ಸುತ್ತಲೂ ಸ್ವಲ್ಪ ಬಿಡುವು ಇರಲೇಬೇಕು. ಬಿಡುವಿದ್ದಲ್ಲಿ ನೀರು ನುಗ್ಗುತ್ತದೆ, ಗಾಳಿ ನುಗ್ಗುತ್ತದೆ, ಇಲಿಯೂ ನುಗ್ಗುತ್ತದೆ. ಈ ಬಿಡುವನ್ನು ಮುಚ್ಚಲು ಎರಡು ಬಗೆಯ ರಬ್ಬರು ಪಟ್ಟಿಗಳಿವೆ. ಮೊದಲನೆಯದು ಕೊಳವೆಯಂತೆ ಒಳಗೆ ಟೊಳ್ಳಾದ ಪಟ್ಟಿ. ಅಡಿಗೆಮನೆಯ ಕುಕ್ಕರಿನ ರಬ್ಬರು ಹೇಗೆ ಮುಚ್ಚಳದ ಒತ್ತಡದಿಂದ ಆವಿಯನ್ನು ತಡೆಯುವುದೋ ಹಾಗೆಯೇ ಇದು ಎರಡು ಮೈಗಳ ನಡುವೆ ಅಮುಕಿಸಿಕೊಂಡು ನೀರನ್ನು ತಡೆಯುತ್ತದೆ. ಕೋಣೆ ಒಳಗೆ ಸರಿದು ಮುಚ್ಚಿಕೊಂಡಾಗ ಹೊರಗಿನ ಪಟ್ಟಿಗೆ ಒತ್ತಡ ಬೀಳುತ್ತದೆ; ಕೋಣೆ ಪೂರ್ತಿ ಹೊರಚಾಚಿದಾಗ ಒಳಗಿನ ಪಟ್ಟಿಗೆ. ಹೀಗೆ ಒಂದು ಕೆಲಸ ಮಾಡುವಾಗ ಇನ್ನೊಂದಕ್ಕೆ ವಿಶ್ರಾಂತಿ.

ಎರಡನೆಯದು ನಾಲಗೆಯಂತಹ ಪಟ್ಟಿ. ಮೋಟಾರಿನ ಮುಂಗನ್ನಡಿಯ ಮೇಲೆ ಮಳೆನೀರನ್ನು ಒರೆಸುವ ಕಡ್ಡಿಯಂತೆ ಇದು ಕೋಣೆಯ ಮೈಯನ್ನು ಸವರುತ್ತಲೇ ಇರುತ್ತದೆ. ಕೋಣೆ ಹೊರಗೆ ಸರಿಯುವಾಗ ಇದರ ತುದಿ ಹೊರಕ್ಕೆ ಬಾಗಬೇಕು. ಆಗ ಮೇಲೆ ಬಿದ್ದ ನೀರು ಹೊರಗಡೆಗೇ ಜಾರುತ್ತದೆ. ಎಲ್ಲಿಯಾದರೂ ತುದಿ ಒಳಮುಖವಾಗಿ ಮಡಿಸಿಕೊಂಡಿತೋ, ರಕ್ಷಕನೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು! ಅದೇ ನಾಲಗೆ ಮಳೆನೀರನ್ನು ದೋಣಿಯಂತೆ ಹಿಡಿದು ಮನೆಯೊಳಗೆ ಸುರಿಯುತ್ತದೆ. ಇದಕ್ಕೆ ಪರಿಹಾರವೇನೋ ಸುಲಭ. ಕೋಣೆಯನ್ನು ಸ್ವಲ್ಪ ಒಳಕ್ಕೆಳೆದು ಮತ್ತೆ ಹೊರಕ್ಕೆ ಬಿಟ್ಟರೆ ನಾಲಗೆ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ. ಹೋಗದಿದ್ದರೆ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ಎಬ್ಬಿಸಬಹುದು. ಆದರೆ ಕೆಳಗೆ ನಿಂತವನಿಗೆ ಮೇಲಂಚು ಕಾಣುವುದಿಲ್ಲ. ಏಣಿ ಹತ್ತಿ ನೋಡಬೇಕು. ಬೇಸರದ ಈ ಕೆಲಸವನ್ನು ಮಾಡುವವರು ಕಡಮೆ.

ಇಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ಜಾರುಕೋಣೆಯುಳ್ಳ ಮನೆಗೆ ನೀರು ನುಗ್ಗುವುದು ಮಳೆ ಸುರಿಯುವಾಗಲೇ ಎಂದೇನೂ ಇಲ್ಲ. ಎಷ್ಟೋ ವೇಳೆ ಮಳೆ ನಿಂತ ಮರುದಿನ, ಹೊರಡುವ ಅವಸರದಲ್ಲಿ. ಚಾಚಿದ ಕೋಣೆಯ ಮಾಡು ಬಹುಮಟ್ಟಿಗೆ ಚಪ್ಪಟೆ. ಅದರ ಮೇಲೆ ನೀರು ನಿಂತಿರುತ್ತದೆ, ಪೈನ್ ಮರದ ಎಲೆಗಳು ಉದುರಿರುತ್ತವೆ. ಅದನ್ನು ನೋಡದೆ ಗುಂಡಿ ಒತ್ತಿದರೆ ನೀರೂ ಎಲೆಯೂ ಕೋಣೆಯೊಡನೆ ಒಳಕ್ಕೆ ಬರುತ್ತವೆ. ಎಲೆಯ ಚೂರುಗಳು ನಾಲಗೆಯ ಕೆಳಗೆ ಸಿಕ್ಕಿಕೊಂಡು ಅದನ್ನು ಹರಿಯುತ್ತವೆ. ತಿಳಿದವರು ಹಿಂದಿನ ದಿನವೇ ವಾಹನವನ್ನು ಒಂದು ಪಕ್ಕಕ್ಕೆ ಸ್ವಲ್ಪ ವಾಲಿಸಿ ನೀರನ್ನು ಹರಿಯಬಿಡುತ್ತಾರೆ. ಹೊರಡುವ ಮುನ್ನ ಪೊರಕೆ ಹಿಡಿದು ಏಣಿ ಹತ್ತುತ್ತಾರೆ. ಕೋಣೆಯ ಮೇಲೆ ತಾನಾಗಿಯೇ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರವನ್ನು ಕಟ್ಟಿಸಿಕೊಳ್ಳುವವರೂ ಇದ್ದಾರೆ. ಗಾಳಿ ಹೆಚ್ಚಾದರೆ ಅದು ಪಟಪಟನೆ ಬಡಿದು ನಿದ್ರೆ ಕೆಡಿಸುತ್ತದೆಂಬುದು ಬೇರೆ ಮಾತು.

ಒಳಗೆ ಬಂದ ನೀರು ಕಣ್ಣಿಗೆ ಕಾಣುವಂತೆ ತೊಟ್ಟಿಕ್ಕಿದರೆ ಅದು ಪುಣ್ಯವೇ ಸರಿ. ಸಾಮಾನ್ಯವಾಗಿ ಅದು ಮೂಲೆಯಿಂದ ಇಳಿದು ನೆಲದ ಹಲಗೆಯ ಅಂಚನ್ನು ಸೇರುತ್ತದೆ. ಅನೇಕ ವಾಹನಗಳಲ್ಲಿ ಈ ನೆಲ ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯದು. ಕತ್ತರಿಸಿದ ಅಂಚು ದೀಪದ ಬತ್ತಿಯಂತೆ ನೀರನ್ನು ಹೀರಿ ಊದಿಕೊಳ್ಳುತ್ತದೆ, ಒಣಗದೆ ಕೊಳೆಯುತ್ತದೆ. ಮನೆಯವರಿಗೆ ಮೊದಲು ಬರುವುದು ಒಂದು ಬಗೆಯ ಮುಗ್ಗುವಾಸನೆ. ಅನಂತರ ಸೋಫಾದ ಹಿಂದೆ ಕಪ್ಪು ಕಲೆ. ಕೊನೆಗೊಂದು ದಿನ ಕಾಲಡಿಯಲ್ಲಿ ನೆಲ ಮೆತ್ತಗೆ ತಗ್ಗುತ್ತದೆ. ಆ ವೇಳೆಗೆ ಹಾನಿ ಕೈಮೀರಿರುತ್ತದೆ. ತಯಾರಕರ ಭರವಸೆಯ ಅವಧಿ ಬಹುಪಾಲು ಒಂದೇ ವರ್ಷ. ವಿಮೆಯ ಕರಾರುಗಳು ಮರ ಬಿದ್ದರೆ ಹಣ ಕೊಟ್ಟಾವು. ಹನಿಹನಿಯಾಗಿ ಸೋರಿ ಕೊಳೆತದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದು ಮಾಲೀಕನ ಅಲಕ್ಷ್ಯವೆಂದು ಅವುಗಳ ವಾದ.

ದೋಷ ರಬ್ಬರಿನದೇ?

ಸೋರಿಕೆ ಕಂಡೊಡನೆ ಜನ ಮೊದಲು ದೂರುವುದು ರಬ್ಬರನ್ನು. ಹೊಸ ಪಟ್ಟಿ ತಂದು ಅಂಟಿಸುತ್ತಾರೆ. ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಅದೂ ಹರಿಯುತ್ತದೆ. ಅನೇಕ ವೇಳೆ ರೋಗದ ಮೂಲ ರಬ್ಬರಿನಲ್ಲಿರುವುದಿಲ್ಲ. ಕೋಣೆ ಸೊಟ್ಟಗೆ ಕುಳಿತಿರುತ್ತದೆ. ಒಂದು ಮೂಲೆ ಗೋಡೆಗೆ ತೀರ ಒತ್ತಿಕೊಂಡು ರಬ್ಬರು ಚಪ್ಪಟೆಯಾದರೆ, ಅದಕ್ಕೆ ಎದುರಾದ ಮೂಲೆ ಬಿರಿದುಕೊಂಡು ಬೆಳಕು ಕಾಣುತ್ತದೆ. ಸೊಟ್ಟ ಚೌಕಟ್ಟಿಗೆ ಎಂತಹ ಬಾಗಿಲನ್ನು ಕೂಡಿಸಿದರೂ ಸಂದು ಬಿಡುತ್ತದೆಂಬುದು ಬಡಗಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಈ ಬಾಗಿಲೋ ಸೋಫಾ ಮೇಜುಗಳನ್ನು ಹೊತ್ತು ದಿನವೂ ಓಡಾಡುವಂಥದು. ಕೆಲವು ವಾಹನಗಳಲ್ಲಿ ಶೀತಕದ ಪೆಟ್ಟಿಗೆಯೂ ಅದರಲ್ಲಿಯೇ ಇರುತ್ತದೆ.

ಸೊಟ್ಟಗಾಗಲು ಕಾರಣಗಳು ಹಲವು. ಹೆದ್ದಾರಿಯ ಕುಲುಕಾಟದಲ್ಲಿ ತಿರುಪುಗಳು ಸಡಿಲವಾಗುತ್ತವೆ. ವಾಹನವನ್ನು ಏರುತಗ್ಗಿನ ನೆಲದಲ್ಲಿ ನಿಲ್ಲಿಸಿ ಹಾಗೆಯೇ ಕೋಣೆಯನ್ನು ಚಾಚಿದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಇನ್ನು ಭಾರ. ಓದುವ ಹವ್ಯಾಸವುಳ್ಳವರು ಜಾರುಕೋಣೆಯ ಕಪಾಟುಗಳಲ್ಲಿ ಪುಸ್ತಕಗಳನ್ನು ತುಂಬಿ ಒಂದು ತುದಿಯನ್ನು ಜಗ್ಗಿಸುವುದುಂಟು! ವಿದ್ಯುತ್ ಕೋಶದ ಬಲ ಕುಂದಿದ್ದರೂ ಸಾಕು, ಎರಡು ಬದಿಯ ಮೋಟಾರುಗಳಲ್ಲಿ ಒಂದು ಹಿಂದೆ ಬೀಳುತ್ತದೆ.

ಸರಿಪಡಿಸುವ ಕ್ರಮ ಯಂತ್ರದ ಬಗೆಯನ್ನು ಅನುಸರಿಸುತ್ತದೆ. ಹಲ್ಲುಪಟ್ಟಿಯ ಮೇಲೆ ಹಲ್ಲುಚಕ್ರ ಉರುಳುವ ಬಗೆಯಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವ ಅಡ್ಡದಂಡವನ್ನೂ ಅದರ ಮೊಳೆಗಳನ್ನೂ ಮೊದಲು ನೋಡಬೇಕು. ಮೊಳೆ ತುಂಡಾಗಿದ್ದರೆ ಒಂದು ಬದಿ ಮಾತ್ರ ಚಲಿಸುತ್ತದೆ. ಉಕ್ಕಿನ ಹಗ್ಗಗಳಿಂದ ಎಳೆಯುವ ಬಗೆಯಲ್ಲಿ ಯಾವ ಹಗ್ಗ ಸಡಿಲವಾಗಿದೆಯೆಂದು ಹುಡುಕಿ ಬಿಗಿಯಬೇಕು. ಎಣ್ಣೆಯ ಒತ್ತಡದಿಂದ ನಡೆಯುವ ದೊಡ್ಡ ಕೋಣೆಗಳ ಗೋಜು ಮನೆಯವರಿಗೆ ಬೇಡ. ಗೋಡೆಯೊಳಗೇ ಎರಡು ಸಣ್ಣ ಮೋಟಾರುಗಳಿರುವ ಬಗೆಯೊಂದುಂಟು. ಅದರಲ್ಲಿ ಕೋಣೆಯನ್ನು ಪೂರ್ತಿ ಚಾಚಿ, ಎರಡೂ ಮೋಟಾರುಗಳು ತಾವಾಗಿ ನಿಲ್ಲುವವರೆಗೆ ಗುಂಡಿಯನ್ನು ಒತ್ತಿ ಹಿಡಿದರೆ ಅವು ಮತ್ತೆ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತವೆ. ಮೋಟಾರು ನಿಂತಿತೆಂದು ಮೊದಲೇ ಬೆರಳು ತೆಗೆಯುವುದರಿಂದಲೇ ಎಷ್ಟೋ ಕೋಣೆಗಳು ಓರೆಯಾಗುತ್ತವೆ. ತಯಾರಕರ ಕೈಪಿಡಿಯಲ್ಲಿ ಇದೆಲ್ಲವೂ ಅಚ್ಚಾಗಿರುತ್ತದೆ. ಕೈಪಿಡಿಯು ಎಲ್ಲ ದೇಶಗಳಲ್ಲಿಯೂ ಓದದೆ ಉಳಿಯುವ ಗ್ರಂಥ.

ಯಾವ ಬಗೆಯಾದರೂ ಮೊದಲು ಮಾಡಬೇಕಾದುದು ಅಳತೆ. ರಸಮಟ್ಟದಿಂದ ವಾಹನವನ್ನು ಸಮತಲಕ್ಕೆ ತಂದು, ಕೋಣೆಯ ನಾಲ್ಕು ಮೂಲೆಗಳಲ್ಲಿಯೂ ಗೋಡೆಗೂ ಕೋಣೆಯ ಅಂಚಿಗೂ ನಡುವಣ ಸಂದನ್ನು ಟೇಪಿನಿಂದ ಅಳೆದು ಬರೆದಿಡಬೇಕು. ವಾಹನ ಹೊಸದಿರುವಾಗಲೇ ಬರೆದಿಟ್ಟರೆ ಇನ್ನೂ ಮೇಲು. ತಿರುಪಿನ ಮೊದಲ ಸ್ಥಾನವನ್ನು ಸೀಸದ ಕಡ್ಡಿಯಿಂದ ಗುರುತು ಮಾಡಿ, ಒಂದು ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಕೋಣೆಯನ್ನು ಓಡಾಡಿಸಿ ಮತ್ತೆ ಅಳೆಯಬೇಕು. ಕಿವಿಯೂ ಇಲ್ಲಿ ಒಳ್ಳೆಯ ಉಪಕರಣ. ಮೋಟಾರು ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟಿದರೆ ಸರಿ. ನಡುವೆ ನರಳಿದರೆ ಎಲ್ಲಿಯೋ ಮೈ ಒರಸುತ್ತಿದೆಯೆಂದೇ ಅರ್ಥ. ಸಂದು ಸಮನಾಯಿತೆಂದು ತೋರಿದ ಮೇಲೆ ಒಂದು ಡಾಲರಿನ ನೋಟನ್ನು ರಬ್ಬರಿನ ಮೇಲಿಟ್ಟು ಕೋಣೆಯನ್ನು ಮುಚ್ಚುತ್ತಾರೆ. ನೋಟನ್ನು ಎಳೆದಾಗ ಬಿಗುವಾಗಿ ಬರಬೇಕು. ಸುತ್ತಲೂ ಅಡಿಗೊಂದು ಕಡೆ ಹೀಗೆ ಪರೀಕ್ಷಿಸಿದರೆ ಸಡಿಲ ಜಾಗ ಸಿಕ್ಕಿಬೀಳುತ್ತದೆ. ರಾತ್ರಿ ಒಬ್ಬರು ಹೊರಗಿನಿಂದ ಟಾರ್ಚು ಹಿಡಿದು, ಇನ್ನೊಬ್ಬರು ಒಳಗೆ ದೀಪ ಆರಿಸಿ ನೋಡುವುದೂ ಒಂದು ಉಪಾಯ.

ಇಷ್ಟಾದ ಮೇಲೆ ರಬ್ಬರಿನ ಸರದಿ. ಈ ಪಟ್ಟಿಗಳಲ್ಲಿ ಹೆಚ್ಚಿನವು ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನವು. ಬಿಸಿಲಿಗೂ ಗಾಳಿಗೂ ಇದು ಸಹಜ ರಬ್ಬರಿಗಿಂತ ಎಷ್ಟೋ ಹೆಚ್ಚು ತಾಳುತ್ತದೆ. ಆದರೆ ಪೆಟ್ರೋಲಿಯಂ ಮೂಲದ ಎಣ್ಣೆ ಇದರ ಶತ್ರು. ಕೀರಲು ಶಬ್ದ ಬರುತ್ತದೆಂದು ಕೈಗೆ ಸಿಕ್ಕ ಯಂತ್ರದ ಎಣ್ಣೆಯನ್ನೋ ಗ್ರೀಸನ್ನೋ ಸವರಿದರೆ ಪಟ್ಟಿ ಊದಿಕೊಂಡು ಮೆತ್ತಗಾಗಿ ಕಿತ್ತುಬರುತ್ತದೆ. ಸಾಬೂನು ನೀರಿನಿಂದ ಧೂಳನ್ನು ತೊಳೆದು, ಒಣಗಿಸಿ, ರಬ್ಬರಿಗೆಂದೇ ಮಾರುವ ರಕ್ಷಕ ದ್ರವವನ್ನು ವರ್ಷಕ್ಕೆ ಕೆಲವು ಸಲ ತೆಳುವಾಗಿ ಒರೆಸಿದರೆ ಸಾಕು. ಅರಿಜೋನಾದ ಮರುಭೂಮಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ವಾಹನಗಳಿಗೆ ಇದು ಇನ್ನೂ ಅಗತ್ಯ. ಹಿಮ ಬೀಳುವ ಊರುಗಳಲ್ಲಿ ಬೇರೆ ಎಚ್ಚರಿಕೆ ಬೇಕು: ಮಂಜುಗಡ್ಡೆ ಹಿಡಿದ ರಬ್ಬರು ಕೋಣೆಯ ಮೈಗೆ ಕಚ್ಚಿಕೊಂಡಿರುತ್ತದೆ, ಕರಗಿಸದೆ ಎಳೆದರೆ ಪಟ್ಟಿಯೇ ಹರಿದುಬರುತ್ತದೆ.

ಪಟ್ಟಿಯನ್ನು ಬದಲಿಸಲೇಬೇಕಾದಾಗ ಹಳೆಯ ಅಂಟನ್ನು ಕೆರೆದು, ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಕೂಡಿಸುತ್ತಾರೆ. ಇಲ್ಲಿ ಅನನುಭವಿಗಳ ಕೈ ತಪ್ಪುವುದು ಒಂದೇ ಕಡೆ. ಪಟ್ಟಿ ನೆಟ್ಟಗೆ ಕೂರಲೆಂದು ಅದನ್ನು ಎಳೆದು ಎಳೆದು ಅಂಟಿಸುತ್ತಾರೆ. ಎಳೆದ ರಬ್ಬರು ಕೆಲವು ವಾರಗಳಲ್ಲಿ ತನ್ನ ಮೊದಲಿನ ಉದ್ದಕ್ಕೆ ಕುಗ್ಗಿ, ಮೂಲೆಯಲ್ಲಿ ಬಾಯಿ ಬಿಡುತ್ತದೆ. ನೀರಿಗೆ ಬೇಕಾದುದು ಆ ಮೂಲೆಯೇ. ಇನ್ನು ಕೆಲವರು ಸಂದಿಗೆ ಸಿಲಿಕೋನ್ ಲೇಪವನ್ನು ಮೆತ್ತಿ ನಿಶ್ಚಿಂತರಾಗುತ್ತಾರೆ. ಚಲಿಸುವ ಸಂದಿನಲ್ಲಿ ಲೇಪ ನಿಲ್ಲುವುದಿಲ್ಲ. ಅದು ಹರಿದ ಮೇಲೆ ಉಳಿದ ಜಿಡ್ಡಿನ ಮೇಲೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಮುಂದೆ ನಿಜವಾದ ರಿಪೇರಿ ಮಾಡಬಂದವನು ಈ ಲೇಪವನ್ನು ಕೆರೆಯುವುದರಲ್ಲಿಯೇ ಅರ್ಧ ದಿನ ಕಳೆಯುತ್ತಾನೆ, ಅದರ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ.

ಹಳೆಯ ವಾಹನಗಳನ್ನು ಕೊಳ್ಳುವ ಜಾಣರು ಈ ಕಾರಣದಿಂದಲೇ ಪರದೆಗಳ ಅಂದವನ್ನಾಗಲಿ ಒಲೆಯ ಹೊಳಪನ್ನಾಗಲಿ ಮೊದಲು ನೋಡುವುದಿಲ್ಲ. ಜಾರುಕೋಣೆಯನ್ನು ಎರಡು ಸಲ ಹೊರಗೆ ಒಳಗೆ ಓಡಿಸಲು ಹೇಳಿ ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಾರೆ. ಅನಂತರ ಮಂಡಿಯೂರಿ, ಟಾರ್ಚು ಹಿಡಿದು, ನೆಲದ ಹಲಗೆಯ ಹೊರಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಎರಡು ಮುಳ್ಳುಗಳುಳ್ಳ ತೇವಮಾಪಕವನ್ನು ಸೋಫಾದ ಹಿಂದಿನ ಮೂಲೆಗೆ ಚುಚ್ಚುತ್ತಾರೆ. ಮಾರುವವನು ನಾಲ್ಕು ಮೂಲೆಗಳ ಅಳತೆಯನ್ನು ವರ್ಷ ವರ್ಷವೂ ಗುರುತು ಹಾಕಿಟ್ಟ ಪುಸ್ತಕವನ್ನು ತೆಗೆದುಕೊಟ್ಟರೆ ಮಾತ್ರ ಬೆಲೆಯ ಮಾತಿಗೆ ಕುಳಿತುಕೊಳ್ಳುತ್ತಾರೆ.