ಮುಗಿಯದ ಕಥೆಗೊಂದು ಕೊನೆಯ ಪುಟ

2004ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಕಾಮಿಕ್ಸ್ ಅಂಗಡಿಗಳಲ್ಲಿ ಒಂದು ವಿಚಿತ್ರ ನೋಟವಿತ್ತು. ‘ಎಕ್ಸ್-ಮೆನ್’ ಎಂಬ ಅತಿಮಾನುಷ ಸಾಹಸಿಗರ ತಂಡದ ಹಲವು ಮಾಸಿಕಗಳು ಎಂದಿನಂತೆ ಹಲಗೆಯ ಮೇಲೆ ಸಾಲಾಗಿ ಕುಳಿತಿದ್ದವು. ಅವುಗಳ ಪಕ್ಕದಲ್ಲೇ ಅದೇ ಮಾರ್ವೆಲ್ ಸಂಸ್ಥೆ ಹೊರತಂದ ಇನ್ನೊಂದು ಮಾಲಿಕೆ: ‘ಎಕ್ಸ್-ಮೆನ್: ದಿ ಎಂಡ್’. ಅಂದರೆ ಮುಕ್ತಾಯ. ಒಂದು ಪುಸ್ತಕದಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವರು ಪಕ್ಕದ ಪುಸ್ತಕದಲ್ಲಿ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಓದುಗ ಎರಡಕ್ಕೂ ಕಾಸು ಕೊಟ್ಟು, ಒಂದೇ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಇದೆಂಥ ಹುಡುಗಾಟ ಎಂದು ನಮಗೆ ಅನ್ನಿಸಬಹುದು. ಮುಗಿಯದೇ ಇರುವ ಕಥೆಗೆ ಮುಕ್ತಾಯ ಬರೆಯುವುದೇಕೆ? ಬರೆದರೂ, ಅದು ನಿಜವಲ್ಲವೆಂದು ಗೊತ್ತಿದ್ದ ಅಭಿಮಾನಿ ಅದಕ್ಕಾಗಿ ಜಗಳಕ್ಕೆ ನಿಲ್ಲುವುದೇಕೆ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಕ್ಸ್-ಮೆನ್ ತಂಡವನ್ನು 1963ರಲ್ಲಿ ಸೃಷ್ಟಿಸಿದವರು ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ. ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದ, ಅದೇ ಕಾರಣಕ್ಕೆ ಲೋಕದ ದ್ವೇಷಕ್ಕೆ ಗುರಿಯಾದ ಹುಡುಗ ಹುಡುಗಿಯರು. ಅವರಿಗೆ ಆಶ್ರಯ ಕೊಟ್ಟು ಕಲಿಸುವ ಪ್ರೊಫೆಸರ್ ಝೇವಿಯರ್. ಮೊದಮೊದಲು ಈ ಪತ್ರಿಕೆ ಅಷ್ಟಾಗಿ ಓಡಲಿಲ್ಲ. 1970ರಿಂದ ಐದು ವರ್ಷ ಹಳೆಯ ಕಥೆಗಳನ್ನೇ ಮರುಮುದ್ರಿಸಿ ದಿನ ದೂಡಿದ್ದೂ ಉಂಟು. 1975ರಲ್ಲಿ ಕೆನ್ಯಾ, ರಷ್ಯಾ, ಜರ್ಮನಿ, ಕೆನಡಾಗಳಿಂದ ಬಂದ ಪಾತ್ರಗಳೊಂದಿಗೆ ಹೊಸ ತಂಡ ಕಟ್ಟಲಾಯಿತು. ಅದನ್ನು ಬರೆಯಲು ಬಂದ ಕ್ರಿಸ್ ಕ್ಲೇರ್ಮಾಂಟ್ ಎಂಬ ತರುಣ 1991ರವರೆಗೆ, ಸುಮಾರು ಹದಿನಾರು ವರ್ಷ, ಕದಲಲಿಲ್ಲ. ಒಬ್ಬನೇ ಲೇಖಕ ಒಂದು ಧಾರಾವಾಹಿಯನ್ನು ಇಷ್ಟು ಕಾಲ ನಡೆಸುವುದು ಆ ವ್ಯಾಪಾರದಲ್ಲಿ ಅಪರೂಪ. ಪಾತ್ರಗಳು ಸಂಸ್ಥೆಯ ಸ್ವತ್ತು. ಲೇಖಕ ಬಂದು ಹೋಗುವ ಬಾಡಿಗೆದಾರ.

ಅಭಿಮಾನಿಗೆ ಅಲ್ಲಿ ಇದ್ದ ಜಾಗ ಯಾವುದು? ನಮ್ಮಲ್ಲಿ ಅಭಿಮಾನಿಗಳನ್ನು ದೇವರೆಂದು ಕರೆದ ನಟರಿದ್ದರು. ಅಲ್ಲಿನ ಅಭಿಮಾನಿ ಮುಖ್ಯವಾಗಿ ಕಾಗದ ಬರೆಯುವವನು. 1960ರ ದಶಕದಿಂದ ಕಾಮಿಕ್ಸ್ ಪತ್ರಿಕೆಗಳು ಓದುಗರ ಪತ್ರಗಳಿಗೆ ಪುಟಗಳನ್ನು ಮೀಸಲಿಟ್ಟವು. ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕುತ್ತಿದ್ದುದರಿಂದ ಊರೂರಿನ ಓದುಗರು ಪರಸ್ಪರ ಪತ್ರ ಬರೆದುಕೊಂಡು, ತಮ್ಮದೇ ಪತ್ರಿಕೆಗಳನ್ನು ನಡೆಸಿ ಒಂದು ಬಳಗವೇ ಆದರು. ಕಥೆಯಲ್ಲಿ ತಪ್ಪು ಕಂಡರೆ ಹಿಡಿದು ತೋರಿಸುವುದು ಅವರ ಹಕ್ಕಾಯಿತು. ಆ ತಪ್ಪು ತಪ್ಪೇ ಅಲ್ಲವೆಂದು ಜಾಣತನದಿಂದ ಸಮರ್ಥಿಸಿದವರಿಗೆ ಮಾರ್ವೆಲ್ ಒಂದು ಬಹುಮಾನ ಕಳಿಸುತ್ತಿತ್ತು: ಬರೀ ಖಾಲಿ ಲಕೋಟೆ. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿಗೆ ಕಥೆ ಸಂಸ್ಥೆಯದಷ್ಟೇ ತಮ್ಮದೂ ಅನ್ನಿಸಿದ್ದರೆ ಅದು ಅವರ ತಪ್ಪಲ್ಲ.

ಇಂಥ ಓದುಗರ ಮುಂದೆ 1980ರಲ್ಲಿ ಒಂದು ಸಾವು ನಡೆಯಿತು. ತಂಡದ ಮೊದಲ ಸದಸ್ಯರಲ್ಲಿ ಒಬ್ಬಳಾದ ಜೀನ್ ಗ್ರೇ ಅಪಾರ ಶಕ್ತಿ ಪಡೆದು, ಮದವೇರಿ, ಒಂದು ನಕ್ಷತ್ರವನ್ನೇ ನುಂಗಿ, ಅದನ್ನು ಸುತ್ತುತ್ತಿದ್ದ ಗ್ರಹದ 500 ಕೋಟಿ ಜೀವಿಗಳ ನಾಶಕ್ಕೆ ಕಾರಣಳಾಗುತ್ತಾಳೆ. ಕ್ಲೇರ್ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಬರೆದ ಪ್ರಕಾರ ಅವಳ ಶಕ್ತಿಯನ್ನು ಕಿತ್ತುಕೊಂಡು ಸಾಮಾನ್ಯ ಹೆಣ್ಣಾಗಿ ಬಾಳಲು ಬಿಡುತ್ತಾರೆ. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜೀವ ತೆಗೆದವಳು ಶಿಕ್ಷೆಯಿಲ್ಲದೆ ಮನೆಗೆ ಹೋಗುವುದು ಹೇಗೆ ಎಂಬುದು ಅವರ ವಾದ. ಪುಟಗಳನ್ನು ಮತ್ತೆ ಬರೆದು ಬಿಡಿಸಲಾಯಿತು. 137ನೆಯ ಸಂಚಿಕೆಯಲ್ಲಿ, ಚಂದ್ರನ ಮೇಲೆ, ಪ್ರೀತಿಸಿದವನ ಕಣ್ಣೆದುರೇ ಜೀನ್ ಪ್ರಾಣ ಬಿಟ್ಟಳು.

ಓದುಗರಿಗೆ ಸಿಡಿಲು ಬಡಿದಂತಾಯಿತು. ತಂಡದಲ್ಲಿ ಇಷ್ಟು ಹತ್ತಿರದವರೊಬ್ಬರು ಹೀಗೆ ಹೋಗುತ್ತಾರೆಂದು ಯಾರೂ ಎಣಿಸಿರಲಿಲ್ಲ. ಒಂದು ತಮಾಷೆ ನೋಡಿ: ಅಷ್ಟು ನೋವು ಕೊಟ್ಟ ಆ ಸಂಚಿಕೆಯನ್ನೇ ಅವರು ಎಕ್ಸ್-ಮೆನ್ ಕಥೆಗಳ ಶಿಖರವೆಂದು ಇಂದಿಗೂ ಎತ್ತಿ ಆಡುತ್ತಾರೆ. 1984ರಲ್ಲಿ ಮಾರ್ವೆಲ್ ಆ ಕೈಬಿಟ್ಟ ಮೊದಲ ಮುಕ್ತಾಯವನ್ನೂ ಪ್ರಕಟಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡುವ ಅವಕಾಶ ಅಭಿಮಾನಿಗೆ ಸಿಕ್ಕಿತು.

ಈ ಸಾವನ್ನು ಒಪ್ಪದವರಲ್ಲಿ ಕರ್ಟ್ ಬ್ಯೂಸಿಕ್ ಎಂಬ ಕಾಲೇಜು ಹುಡುಗನೂ ಇದ್ದ. ಜೀನ್ ನಿರಪರಾಧಿಯಾಗಿ ಮರಳಿ ಬರುವುದು ಹೇಗೆ ಎಂದು ತಲೆ ಕೆಡಿಸಿಕೊಂಡು ಆತ ಒಂದು ದಾರಿ ಹುಡುಕಿದ. ಪಾಪ ಮಾಡಿದ್ದೂ ಸತ್ತದ್ದೂ ಅವಳ ರೂಪ ತಾಳಿದ ಬೇರೊಂದು ಶಕ್ತಿ. ನಿಜವಾದ ಜೀನ್ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ನೀರಿನ ತಳದಲ್ಲಿ ಒಂದು ಕೋಶದೊಳಗೆ ನಿದ್ರಿಸುತ್ತಿದ್ದಾಳೆ! ನಮ್ಮ ಮಾಯಾ ಸೀತೆಯ ಕಥೆ ಬಲ್ಲವರಿಗೆ ಇದು ಹೊಸದೆನಿಸದು. ಬ್ಯೂಸಿಕ್ ಇದನ್ನು ಲೇಖಕ ರೋಜರ್ ಸ್ಟರ್ನ್‌ಗೆ ಹೇಳಿದ, ಸ್ಟರ್ನ್ ಜಾನ್ ಬರ್ನ್‌ಗೆ ಹೇಳಿದರು, 1986ರ ಹೊತ್ತಿಗೆ ಅದೇ ಅಧಿಕೃತ ಕಥೆಯಾಗಿ ಅಚ್ಚಾಯಿತು. ಅಭಿಮಾನಿಯೊಬ್ಬನ ಕೊರಗು ಸತ್ತವಳನ್ನು ಎಬ್ಬಿಸಿ ಕೂರಿಸಿತ್ತು.

ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಜೀನ್‌ಳ ನಲ್ಲ ಸ್ಕಾಟ್ ಅಷ್ಟರಲ್ಲಿ ಮಡೆಲಿನ್ ಎಂಬವಳನ್ನು ಮದುವೆಯಾಗಿ ಒಂದು ಮಗುವಿನ ತಂದೆಯೂ ಆಗಿದ್ದ. ಅವನನ್ನು ಸಂಸಾರಸ್ಥನಾಗಿ ನಿವೃತ್ತಿಗೊಳಿಸುವುದು ಕ್ಲೇರ್ಮಾಂಟ್‌ರ ಇರಾದೆಯಾಗಿತ್ತು. ಜೀನ್ ಬಂದದ್ದೇ ತಡ, ಬೇರೆ ಲೇಖಕರ ಕೈಯಲ್ಲಿ ಆತ ಹೆಂಡತಿ ಮಗುವನ್ನು ಬಿಟ್ಟು ಹೊರಟ. ಇದಕ್ಕಾಗಿ ಸ್ಕಾಟ್‌ನನ್ನು ಇನ್ನೂ ಕ್ಷಮಿಸದ ಓದುಗರಿದ್ದಾರೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ಆ ಮೇಲೆ ಯಾರು ಸತ್ತರೂ ಓದುಗ ಕಣ್ಣೀರು ಹಾಕುವ ಮೊದಲು, ಎಂದು ಬರುತ್ತಾನೋ ಎಂದು ಬೆರಳು ಮಡಿಸಿ ಎಣಿಸತೊಡಗಿದ.

ಅಭಿಮಾನಿಗೆ ಸಾವೇ ಬೇಡ ಎಂದು ಇದರಿಂದ ತೀರ್ಮಾನಿಸಿದರೆ ಮೋಸಹೋಗುತ್ತೇವೆ. 1988ರಲ್ಲಿ ಡಿಸಿ ಸಂಸ್ಥೆ ಬ್ಯಾಟ್‌ಮನ್‌ನ ಸಹಚರ ರಾಬಿನ್ ಬದುಕಬೇಕೇ ಸಾಯಬೇಕೇ ಎಂದು ಫೋನ್ ಮೂಲಕ ಮತ ಕೇಳಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಎಪ್ಪತ್ತೆರಡು ಮತಗಳಲ್ಲಿ ಹುಡುಗ ಸತ್ತ.

ಹಾಗಾದರೆ ‘ಕಲ್ಪಿತ’ ಮುಕ್ತಾಯಗಳ ಮಾತೇನು? ಡಿಸಿಯ ಸೂಪರ್‌ಮ್ಯಾನ್ ಪತ್ರಿಕೆಗಳು 1961ರಲ್ಲೇ, ಇದು ಕಾಲ್ಪನಿಕ ಕಥೆ ಎಂಬ ಸೂಚನೆಯೊಂದಿಗೆ, ನಾಯಕನನ್ನು ಸಾಯಿಸಿ ನೋಡಿದ್ದವು. ಇಡೀ ಕಾಮಿಕ್ಸೇ ಕಾಲ್ಪನಿಕವಾಗಿರುವಾಗ ಅದರೊಳಗೊಂದು ಕಾಲ್ಪನಿಕ ಕಥೆ! ಆದರೂ ಓದುಗರು ಈ ಗೆರೆಯನ್ನು ಗಂಭೀರವಾಗಿ ಪಾಲಿಸಿದರು. ನಮ್ಮ ವಿದ್ವಾಂಸರು ರಾಮಾಯಣದ ಉತ್ತರಕಾಂಡ ಮೂಲವೋ ಪ್ರಕ್ಷಿಪ್ತವೋ ಎಂದು ವಾದಿಸುವ ಹಾಗೆಯೇ ಅವರೂ ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರದು ಎಂದು ಪತ್ರಗಳಲ್ಲಿ ಹೋರಾಡಿದರು.

ಕೆಲವೊಮ್ಮೆ ಕಲ್ಪಿತ ಕಥೆಯೇ ಮುಂದಿನವರ ಕೈ ಕಟ್ಟಿಹಾಕಿದ್ದೂ ಉಂಟು. 1967ರಲ್ಲಿ ಡಿಸಿಯ ‘ಲೀಜನ್ ಆಫ್ ಸೂಪರ್-ಹೀರೋಸ್’ ಎಂಬ ಹದಿಹರೆಯದವರ ತಂಡವನ್ನು ದೊಡ್ಡವರನ್ನಾಗಿ ತೋರಿಸುವ ಕಥೆಯೊಂದು ಬಂತು. ಬರೆದವನಿಗೆ ಹದಿನೈದು ವರ್ಷ. ಮುಂದೆ ಮಾರ್ವೆಲ್‌ನ ಸಂಪಾದಕನಾಗಿ ಜೀನ್ ಗ್ರೇ ಸಾಯಲೇಬೇಕೆಂದ ಅದೇ ಜಿಮ್ ಶೂಟರ್. ಕಥೆಯಲ್ಲಿ ಒಂದು ಸ್ಮಾರಕ ಭವನ, ಅಲ್ಲಿ ಸತ್ತ ಸದಸ್ಯರ ಪ್ರತಿಮೆಗಳು. ಅವರಲ್ಲಿ ಕೆಮಿಕಲ್ ಕಿಂಗ್ ಎಂಬವನು ಓದುಗರು ಅದುವರೆಗೆ ಕಂಡೇ ಇರದ ಪಾತ್ರ. ಏಳನೆಯ ಮಹಾಯುದ್ಧ ತಪ್ಪಿಸಲು ಜೀವ ಕೊಟ್ಟವನೆಂದು ಅಲ್ಲಿ ಬರೆದಿತ್ತು. ಮರುವರ್ಷ ಆ ಹೆಸರಿನವನು ನಿಜವಾಗಿಯೂ ಕಥೆಗೆ ಬಂದ. 1977ರಲ್ಲಿ ಏಳನೆಯ ಮಹಾಯುದ್ಧ ತಪ್ಪಿಸುತ್ತಲೇ ಸತ್ತ. ಹತ್ತು ವರ್ಷ ಅಭಿಮಾನಿಗಳು ಆ ಪ್ರತಿಮೆಯನ್ನು ಮರೆತಿರಲಿಲ್ಲ. ಪಾಪ, ಆ ಪಾತ್ರ ಹುಟ್ಟಿದ್ದೇ ಸಾಯುವುದಕ್ಕೆ.

ಎಕ್ಸ್-ಮೆನ್‌ಗೆ ಮರಳೋಣ. ಜೀನ್ ಸತ್ತ ಕೆಲವೇ ತಿಂಗಳಿಗೆ, 1981ರ ಆರಂಭದ ಎರಡು ಸಂಚಿಕೆಗಳಲ್ಲಿ, ಕ್ಲೇರ್ಮಾಂಟ್ ಮತ್ತು ಬರ್ನ್ ತಂಡದ ಕೊನೆಯನ್ನು ಒಮ್ಮೆ ಕಲ್ಪಿಸಿದ್ದರು. ಅದು ನಡೆಯುವುದು 2013ರಲ್ಲಿ. ಆಗ ಅದು ಎಟುಕದ ದೂರದ ಇಸವಿ. ತಂಡದ ಬಹುಪಾಲು ಜನ ಮಣ್ಣಾಗಿದ್ದಾರೆ, ಉಳಿದವರು ಬಂದೀಶಿಬಿರದಲ್ಲಿದ್ದಾರೆ. ಅವರ ನಡುವೆ, ಮಕ್ಕಳನ್ನು ಕಳೆದುಕೊಂಡ ಒಬ್ಬ ನಡುವಯಸ್ಸಿನ ಹೆಂಗಸು. ಗುರುತು ಹಿಡಿಯಲು ಓದುಗರಿಗೆ ಕ್ಷಣಕಾಲ ಬೇಕಾಯಿತು. ಆಕೆ ಕಿಟ್ಟಿ ಪ್ರೈಡ್. ಒಂದು ವರ್ಷದ ಹಿಂದಷ್ಟೇ, ಶಿಕಾಗೋ ಹತ್ತಿರದ ಮನೆಯಿಂದ ಹದಿಮೂರೂವರೆ ವರ್ಷದ ಹುಡುಗಿಯಾಗಿ ಕಥೆಗೆ ಬಂದವಳು.

ಆ ಕಿಟ್ಟಿಯನ್ನು ಓದುಗರು ತಮ್ಮ ಓರಗೆಯವಳೆಂದೇ ಭಾವಿಸಿದರು. 1980ರಲ್ಲಿ ಹದಿಮೂರಾಗಿದ್ದ ಓದುಗನಿಗೆ 2004ರಲ್ಲಿ ಮೂವತ್ತೇಳು. ಉದ್ಯೋಗ, ಸಾಲ, ಮಕ್ಕಳ ಶಾಲೆ, ತೆಳುವಾಗುತ್ತಿರುವ ಕೂದಲು. ಅದೇ ವರ್ಷ ಹೊಸದಾಗಿ ಶುರುವಾದ ಎಕ್ಸ್-ಮೆನ್ ಮಾಸಿಕವೊಂದರಲ್ಲಿ ಕಿಟ್ಟಿ ಶಾಲೆಯ ಶಿಕ್ಷಕಿಯಾಗಿ ಮರಳಿದಳು; ನೋಡಿದರೆ ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಇಪ್ಪತ್ನಾಲ್ಕು ವರ್ಷ ಓದುಗನ ಮೈಮೇಲೆ ಪೂರ್ತಿ ಬಿದ್ದಿತ್ತು, ಅವಳ ಮೇಲೆ ಹತ್ತೂ ಬಿದ್ದಿರಲಿಲ್ಲ. ಪಾತ್ರಗಳಿಗೆ ವಯಸ್ಸಾದರೆ ವ್ಯಾಪಾರಕ್ಕೆ ಏಟು. ಆದ್ದರಿಂದ ಈ ಕಾಮಿಕ್ಸ್‌ಗಳಲ್ಲಿ ಕಾಲ ಆಮೆಯಂತೆ ತೆವಳುತ್ತದೆ. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಮೂಲಕ ಮನೆಮಾತಾದ ಫ್ಯಾಂಟಮ್‌ನ ಸೃಷ್ಟಿಕರ್ತ ಲೀ ಫಾಕ್ ಈ ತೊಡಕನ್ನು ಬೇರೆ ರೀತಿ ಬಿಡಿಸಿದ್ದರು: ಅಪ್ಪ ಸತ್ತರೆ ಮಗ ಮುಖವಾಡ ಹಾಕಿಕೊಳ್ಳುತ್ತಾನೆ. ಆದರೂ ಇಪ್ಪತ್ತೊಂದನೆಯವನಿಗೆ ಮಾತ್ರ ಏಕೋ ಮುಪ್ಪು ಬರಲೇ ಇಲ್ಲ!

‘ದಿ ಎಂಡ್’ ಬರೆಯಲು ಮಾರ್ವೆಲ್ ಕರೆದದ್ದು ಕ್ಲೇರ್ಮಾಂಟ್‌ರನ್ನೇ. ಚಿತ್ರಗಳು ಶಾನ್ ಚೆನ್ ಅವರದು. ಮೂರು ಭಾಗಗಳಲ್ಲಿ ಹದಿನೆಂಟು ಸಂಚಿಕೆ, 2006ರವರೆಗೆ ಬಂತು. ಕಥೆ ಮುಂದಿನ ಕಾಲದ್ದು. ಎಲ್ಲರೂ ಒಂದು ಸುತ್ತು ಮಾಗಿದ್ದಾರೆ, ಹಲವರಿಗೆ ಮಕ್ಕಳಿದ್ದಾರೆ. ಕಿಟ್ಟಿ ತನ್ನೂರು ಶಿಕಾಗೋದ ಮೇಯರ್ ಹುದ್ದೆಗೆ ಚುನಾವಣೆಗೆ ನಿಂತಿದ್ದಾಳೆ. 1989ರಲ್ಲಿ ಮುಗಿಸಿಬಿಟ್ಟಿದ್ದ ಮಡೆಲಿನ್‌ಗೂ ಇಲ್ಲಿ ಒಂದು ಸ್ಥಾನ ಸಿಕ್ಕಿತು. ಕೊನೆಯಲ್ಲಿ, ಇನ್ನೂ ಹಲವು ವರ್ಷಗಳ ನಂತರ, ಕಿಟ್ಟಿ ಅಮೆರಿಕದ ಅಧ್ಯಕ್ಷೆ.

ಓದುಗರು ಇಬ್ಭಾಗವಾದರು. ಪಾತ್ರಗಳು ಸಂತೆಯಂತೆ ನೆರೆದಿವೆ, ಹಳೆಯ ಕಥೆಗಳನ್ನೆಲ್ಲ ಬಾಯಿಪಾಠ ಮಾಡದವರಿಗೆ ತಲೆಬುಡ ತಿಳಿಯದು ಎಂಬ ದೂರು ಸಾಮಾನ್ಯವಾಗಿತ್ತು. ದೂರಿನಲ್ಲಿ ಹುರುಳಿದೆ. ಮಹಾಭಾರತದ ಮಹಾಪ್ರಸ್ಥಾನ ಪರ್ವವನ್ನು ನೆನೆಯಿರಿ. ಅದೂ ಒಂದು ತಂಡದ ಕೊನೆಯ ನಡಿಗೆಯೇ. ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ. ಒಬ್ಬೊಬ್ಬರು ಬಿದ್ದಾಗಲೂ ಭೀಮ ನಿಂತು, ಇವರು ಬಿದ್ದದ್ದೇಕೆ ಎಂದು ಅಣ್ಣನನ್ನು ಕೇಳುತ್ತಾನೆ. ಧರ್ಮರಾಯ ಉತ್ತರ ಕೊಡುತ್ತಾನೆ. ‘ದಿ ಎಂಡ್’ನಲ್ಲಿ ಡಜನ್‌ಗಟ್ಟಲೆ ಜನ ಬೀಳುತ್ತಾರೆ, ಕೇಳುವ ಭೀಮನಿಲ್ಲ. ಇಪ್ಪತ್ತು ವರ್ಷ ಜೊತೆಗಿದ್ದ ಪಾತ್ರ ಅರ್ಧ ಪುಟದಲ್ಲಿ ಹೋದರೆ ಓದುಗನಿಗೆ ಸಿಟ್ಟು ಬರುವುದು ಸಾವಿನ ಮೇಲಲ್ಲ, ಆ ಅವಸರದ ಮೇಲೆ.

ಮೆಚ್ಚಿದವರು ಮೆಚ್ಚಿದ್ದು ಯುದ್ಧವನ್ನಲ್ಲ ಎಂದು ನನ್ನ ಎಣಿಕೆ. ಚುನಾವಣೆಗೆ ನಿಂತ ಕಿಟ್ಟಿಯನ್ನು. ತಮ್ಮ ಜೊತೆ ಹದಿಮೂರರಲ್ಲಿದ್ದವಳು ತಮ್ಮ ಹಾಗೆಯೇ ನಲವತ್ತರ ಹೊಸ್ತಿಲಿಗೆ ಬಂದದ್ದನ್ನು ಅವರು ಮೊದಲ ಬಾರಿಗೆ, ಬಂದೀಶಿಬಿರದ ಹೊರಗೆ, ಕಂಡಿದ್ದರು. ಇದು ಲೆಕ್ಕಕ್ಕೆ ಸೇರದ ಕಥೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಲೆಕ್ಕಕ್ಕೆ ಸೇರುವ ಕಥೆ ಅವರಿಗೆ ಈ ಒಂದನ್ನು ಎಂದೂ ಕೊಡುವಂತಿರಲಿಲ್ಲ.

ಎಲ್ಲ ಓದುಗರಿಗೂ ಕೊನೆ ಬೇಕೆಂದೇನಿಲ್ಲ. ಪಂಪ ತನ್ನ ಭಾರತವನ್ನು ಪಟ್ಟಾಭಿಷೇಕಕ್ಕೆ ನಿಲ್ಲಿಸಿದ. ಕುಮಾರವ್ಯಾಸ ಗದಾಪರ್ವಕ್ಕೆ, ಹತ್ತನೆಯದಕ್ಕೆ, ಮುಗಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಬರೆದು ತುಂಬಿಸಿದ. ಆದರೂ ನಮ್ಮ ಊರುಗಳಲ್ಲಿ ಗಮಕಿಗಳು ಹಾಡಿದ್ದು, ಜನ ಕಿವಿಗೊಟ್ಟದ್ದು ಹೆಚ್ಚಾಗಿ ಮೊದಲ ಹತ್ತಕ್ಕೇ.

ಕ್ಲೇರ್ಮಾಂಟ್‌ರಿಗಂತೂ ತಾವೇ ಬರೆದ ಮುಕ್ತಾಯ ಕೊನೆಯದಾಗಲಿಲ್ಲ. 1991ರಲ್ಲಿ ಸಂಪಾದಕರೊಂದಿಗಿನ ಭಿನ್ನಾಭಿಪ್ರಾಯದಿಂದ ಅವರು ಪತ್ರಿಕೆ ಬಿಟ್ಟಾಗ ಕಥೆ ಅರ್ಧಕ್ಕೇ ನಿಂತಿತ್ತು ಎಂಬ ಕೊರಗು ಹಳೆಯ ಓದುಗರಲ್ಲಿ ಉಳಿದಿತ್ತು. 2009ರಲ್ಲಿ ಮಾರ್ವೆಲ್ ‘ಎಕ್ಸ್-ಮೆನ್ ಫಾರೆವರ್’ ಎಂಬ ಹೊಸ ಮಾಲಿಕೆ ತಂದಿತು. ಕ್ಲೇರ್ಮಾಂಟ್ ಹದಿನೆಂಟು ವರ್ಷ ಹಿಂದೆ ಎಲ್ಲಿ ಲೇಖನಿ ಕೆಳಗಿಟ್ಟಿದ್ದರೋ ಅದರ ಮರುಗಳಿಗೆಯಿಂದಲೇ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, ಮತ್ತೆ ಬರೆಯತೊಡಗಿದರು. ಅಧ್ಯಕ್ಷೆಯಾಗಿದ್ದ ಕಿಟ್ಟಿ ಅದರಲ್ಲಿ ಮತ್ತೆ ಎಳೆಯ ಹುಡುಗಿ.