ಗಾಲಿಮನೆಗೆ ಒಗ್ಗಿದ ಕಬ್ಬಿಣದ ಬ್ಯಾಟರಿ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರಿದೆ. ಚಳಿಗಾಲ ಬಂತೆಂದರೆ ಅದರ ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಸಾವಿರಾರು ಆರ್‌ವಿಗಳು ಬೀಡು ಬಿಡುತ್ತವೆ. ಆರ್‌ವಿ ಎಂದರೆ ಅಡುಗೆಕಟ್ಟೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ತಿರುಗುವ ಗಾಲಿಮನೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳಿಗೆ ಅಲ್ಲಿ ತಂಗಲು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ವಿಧಿಸುತ್ತ ಬಂದಿರುವ ಶುಲ್ಕ 180 ಡಾಲರ್. ಇದೇ ಇಲಾಖೆಯ ಬೇರೆ ಎಷ್ಟೋ ಬಯಲುಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಬಿಟ್ಟಿಯಾಗಿಯೇ ಇರಬಹುದು. ಇಷ್ಟು ಅಗ್ಗಕ್ಕೆ ಸಿಗುವುದು ನೆಲ ಮಾತ್ರ. ಗಾಡಿಯ ಪಕ್ಕಕ್ಕೆ ಕರೆಂಟಿನ ಕಂಬ ಬರುವುದಿಲ್ಲ. ಹೀಗೆ ತಂತಿಯ ಹಂಗಿಲ್ಲದೆ ಬಿಡಾರ ಹೂಡುವವರು ಹಿಂದೆ ಸೀಸದ ಬ್ಯಾಟರಿ ಮತ್ತು ಗುಡುಗುಡು ಎನ್ನುವ ಜನರೇಟರ್ ನಂಬಿಕೊಂಡಿದ್ದರು. ಈಗ ಅವರಲ್ಲಿ ಬಹಳ ಮಂದಿ ಲಿಥಿಯಂ ಬ್ಯಾಟರಿಗೆ ಹೊರಳಿದ್ದಾರೆ. ಲಿಥಿಯಂ ಹೊಸದು, ಹಗುರ, ಬಲಶಾಲಿ, ಆದ್ದರಿಂದ ಗೆದ್ದಿತು ಎಂಬ ವಿವರಣೆ ಅಂಗಡಿಯವರ ಬಾಯಲ್ಲಿದೆ. ಅದು ಅರ್ಧ ಸತ್ಯ. ಆರ್‌ವಿಯಲ್ಲಿ ನೆಲೆಯೂರಿದ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ತನ್ನ ಕುಲದಲ್ಲೇ ಭಾರದ್ದು ಮತ್ತು ಕಡಿಮೆ ವೋಲ್ಟೇಜಿನದು. ಬೇರೆ ಕಡೆ ಕುಂದೆನಿಸಿದ ಗುಣಗಳೇ ಗಾಲಿಮನೆಗೆ ಹೇಳಿಮಾಡಿಸಿದಂತೆ ಕೂಡಿಬಂದದ್ದು ಇದರ ನಿಜವಾದ ಕಥೆ.

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಅಮೆರಿಕದ ಕಾರುಗಳು 1950ರ ದಶಕದ ನಡುವಿನಲ್ಲಿ 6 ವೋಲ್ಟಿನಿಂದ 12 ವೋಲ್ಟಿಗೆ ಬಂದವು. ಗಾಲಿಮನೆಯ ದೀಪ, ನೀರಿನ ಪಂಪು, ಫ್ಯಾನುಗಳೂ ಅದೇ ಜಾಡು ಹಿಡಿದವು. ಆದರೆ ಅಷ್ಟು ವರ್ಷ ಸೀಸ ಬಾಳಿದ್ದು ಸ್ವಂತ ಬಲದಿಂದಲ್ಲ, ಗ್ಯಾಸಿನ ಆಸರೆಯಿಂದ. ಸ್ವೀಡನ್ನಿನ ಬಾಲ್ಟ್‌ಸರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಶಾಖದಿಂದಲೇ ತಣ್ಣಗಾಗುವ ಫ್ರಿಜ್ ಕಂಡುಹಿಡಿದರು. ಅದರ ಮರಿಮಕ್ಕಳು ಪ್ರೊಪೇನ್ ಉರಿಯಲ್ಲಿ ನಡೆಯುತ್ತ ದಶಕಗಳ ಕಾಲ ಆರ್‌ವಿಗಳ ಹಾಲು ಮಾಂಸ ಕೆಡದಂತೆ ಕಾದವು. ಒಲೆ, ಬಿಸಿನೀರು, ಕೋಣೆ ಬೆಚ್ಚಗಿಡುವ ಹೀಟರ್ ಕೂಡ ಗ್ಯಾಸಿನವೇ. ಬ್ಯಾಟರಿಗೆ ಉಳಿದದ್ದು ನಾಲ್ಕಾರು ದೀಪ, ಒಂದು ಪಂಪು, ಹೀಟರಿನ ಫ್ಯಾನು. ಕೆಲಸ ಅಷ್ಟೇ ಇದ್ದಾಗ ಅದರ ಲೋಪಗಳು ಯಾರ ಕಣ್ಣಿಗೂ ಹೆಚ್ಚಾಗಿ ಬೀಳಲಿಲ್ಲ.

ಆ ಲೋಪಗಳು ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಗೊತ್ತಿರುವ ನಮ್ಮ ಮನೆಗಳಿಗೂ ಅಪರಿಚಿತವಲ್ಲ. 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.2 ಯೂನಿಟ್ ಇರುತ್ತದೆ. ಆದರೆ ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಆಯಸ್ಸು ಕುಸಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 0.6 ಯೂನಿಟ್. ಅದಕ್ಕಾಗಿ 28–30 ಕಿಲೋ ಹೊರಬೇಕು. ಲೇಬಲ್ಲಿನ ಮೇಲಿನ 100 ಎಎಚ್ ಕೂಡ ಇಪ್ಪತ್ತು ಗಂಟೆ ನಿಧಾನವಾಗಿ ಖರ್ಚು ಮಾಡಿದರೆ ಸಿಗುವ ಅಂಕಿ. ಜೋರಾಗಿ ಎಳೆದರೆ ಅದಕ್ಕಿಂತ ಕಡಿಮೆ ದಕ್ಕುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಚಾರ್ಜಿಂಗಿನದು, ಅದನ್ನು ಹೇಳುವವರು ಕಡಿಮೆ. ಸೀಸದ ಬ್ಯಾಟರಿ ಮುಕ್ಕಾಲು ಭಾಗ ಬೇಗ ತುಂಬಿಕೊಂಡು ಉಳಿದದ್ದಕ್ಕೆ ಗಂಟೆಗಟ್ಟಲೆ ಸತಾಯಿಸುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಾಗ ಇದು ಬಾಧಕವಲ್ಲ, ರಾತ್ರಿಯಿಡೀ ಸಮಯವಿದೆ. ಸೂರ್ಯನಿಗೆ ಆ ತಾಳ್ಮೆಯಿಲ್ಲ. ಚಳಿಗಾಲದ ಹಗಲಲ್ಲಿ ಬ್ಯಾಟರಿ ಆ ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಅರೆಬರೆ ತುಂಬಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ದಿನೇದಿನೇ ಬ್ಯಾಟರಿ ಕುಗ್ಗುತ್ತದೆ. ಆರ್‌ವಿಯ ಚಾವಣಿಗೆ ಸೋಲಾರ್ ಬಂದ ದಿನವೇ ಸೀಸದ ಕಾಲ ಮುಗಿಯತೊಡಗಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಹಾಗಾದರೆ ಲಿಥಿಯಂ ಮೊದಲೇ ಏಕೆ ಬರಲಿಲ್ಲ? ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿ ಮರುಚಾರ್ಜ್ ಮಾಡಬಲ್ಲ ಲಿಥಿಯಂ ಬ್ಯಾಟರಿ ರೂಪಿಸಿದ್ದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡಿನಫ್ ತಂಡ ಕೋಬಾಲ್ಟ್ ಆಕ್ಸೈಡಿನ ದಾರಿ ತೋರಿತು, ಜಪಾನಿನ ಅಕಿರಾ ಯೋಶಿನೊ 1985ರಲ್ಲಿ ಅದನ್ನು ಬಳಕೆಗೆ ಯೋಗ್ಯವಾದ ರೂಪಕ್ಕೆ ತಂದರು, 1991ರಲ್ಲಿ ಸೋನಿ ಮಾರುಕಟ್ಟೆಗೆ ಬಿಟ್ಟಿತು. ಈ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಆದರೆ ಕೋಬಾಲ್ಟ್ ದುಬಾರಿ. ಮಿತಿಮೀರಿ ಬಿಸಿಯಾದರೆ ಅದರ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಟ್ಟು ಬೆಂಕಿಗೆ ಒದಗಿಸುತ್ತದೆ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಹಾರಾಟ ನಿಲ್ಲಿಸಬೇಕಾಗಿ ಬಂದದ್ದು ಇದೇ ಜಾತಿಯ ಬ್ಯಾಟರಿಗಳು ಸುಟ್ಟದ್ದರಿಂದ. ಹಾಸಿಗೆಯ ಕೆಳಗೇ ಬ್ಯಾಟರಿ ಇಟ್ಟು ಮಲಗುವ ಮನೆಗೆ ಇದು ಒಪ್ಪುವ ಸಂಗತಿಯಲ್ಲ.

ಇದಕ್ಕೆ ಪರಿಹಾರವೂ ಗುಡಿನಫ್ ಬಳಿಯಿಂದಲೇ ಬಂತು. 1990ರ ದಶಕದ ಹೊತ್ತಿಗೆ ಅವರು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಅವರೊಡನೆ ಎ.ಕೆ. ಪಾಧಿ ಮತ್ತು ಕೆ.ಎಸ್. ನಂಜುಂಡಸ್ವಾಮಿ 1997ರಲ್ಲಿ ಪ್ರಕಟಿಸಿದ ಪ್ರಬಂಧವೇ ಎಲ್‌ಎಫ್‌ಪಿಯ ಜನ್ಮಪತ್ರಿಕೆ. ಕನ್ನಡಿಗರ ಕಿವಿಗೆ ಹತ್ತಿರವಾದ ಹೆಸರೊಂದು ಅದರಲ್ಲಿದೆ ಎಂಬುದು ನಮ್ಮಲ್ಲಿ ಅಷ್ಟಾಗಿ ಸುದ್ದಿಯಾಗಲಿಲ್ಲ. ದುಬಾರಿ ಕೋಬಾಲ್ಟಿನ ಜಾಗದಲ್ಲಿ ಅವರು ಕಬ್ಬಿಣವನ್ನೂ, ಬರಿಯ ಆಕ್ಸೈಡಿನ ಬದಲು ಫಾಸ್ಫೇಟನ್ನೂ ತಂದರು. ಫಾಸ್ಫೇಟಿನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಸಿಯಾದರೂ ಸುಲಭಕ್ಕೆ ಬಿಡುವುದಿಲ್ಲ. ಕುಂದುಗಳೂ ಜೊತೆಗೇ ಇದ್ದವು. ವೋಲ್ಟೇಜ್ ಕೋಬಾಲ್ಟಿಗಿಂತ ಕಡಿಮೆ, ವಿದ್ಯುತ್ತು ಹರಿಯಲು ವಸ್ತುವೇ ಅಡ್ಡಿ ಮಾಡುತ್ತಿತ್ತು. ಅಗ್ಗದ, ವಿಷವಿಲ್ಲದ, ಕಡಿಮೆ ಶಕ್ತಿಯ ಬಳಕೆಗೆ ತಕ್ಕ ಬ್ಯಾಟರಿಗೆ ಇದು ಒಳ್ಳೆಯ ಅಭ್ಯರ್ಥಿ ಎಂದು ಪ್ರಬಂಧವೇ ಹೇಳಿಕೊಂಡಿತ್ತು. ಈ ‘ಕಡಿಮೆ ಶಕ್ತಿ’ ಎಂಬ ಷರತ್ತನ್ನು ಮೊಬೈಲ್, ಕಾರು ತಯಾರಕರು ಅವಗುಣವೆಂದೇ ಓದಿದರು. ಗಾಲಿಮನೆಯ ದಿನಚರಿ ನೋಡಿ: ಫ್ರಿಜ್ಜು, ದೀಪ, ಫ್ಯಾನು, ಪಂಪು, ಲ್ಯಾಪ್‌ಟಾಪು. ಎಲ್ಲವೂ ಸಣ್ಣ ಸಣ್ಣ ಹೊರೆ, ಆದರೆ ಗಂಟೆಗಟ್ಟಲೆ. ಕಾರಿನ ಹಾಗೆ ಏಕಾಏಕಿ ನುಗ್ಗುವ ಅಗತ್ಯವಿಲ್ಲ. ಭಾರದ ವಿಷಯದಲ್ಲೂ ಅಷ್ಟೆ: ಕೋಬಾಲ್ಟ್, ನಿಕ್ಕಲ್ ಬ್ಯಾಟರಿಗಳ ಪಕ್ಕ ಎಲ್‌ಎಫ್‌ಪಿ ಭಾರದ್ದು, ಆದರೆ ಆರ್‌ವಿಯಲ್ಲಿ ಅದಕ್ಕೆ ಎದುರಾಳಿ ಸೀಸ. 100 ಎಎಚ್‌ನ ಎಲ್‌ಎಫ್‌ಪಿ ತೂಗುವುದು ಹನ್ನೊಂದರಿಂದ ಹದಿನಾಲ್ಕು ಕಿಲೋ.

ಕಡಿಮೆ ವೋಲ್ಟೇಜಿನ ಕಥೆ ಇನ್ನೂ ಸ್ವಾರಸ್ಯದ್ದು. ಎಲ್‌ಎಫ್‌ಪಿ ಸೆಲ್ಲಿನದು 3.2 ವೋಲ್ಟ್. ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8. ಪೂರ್ತಿ ತುಂಬಲು ಬೇಕಾದ್ದು 14.2ರಿಂದ 14.6 ವೋಲ್ಟ್. ಸೀಸದ ಬ್ಯಾಟರಿ ತುಂಬಲೂ ಹೆಚ್ಚುಕಡಿಮೆ ಇಷ್ಟೇ ಬೇಕು. ನಿಕ್ಕಲ್, ಕೋಬಾಲ್ಟಿನ ಸೆಲ್ಲುಗಳದು ಸುಮಾರು 3.7, ಮೂರು ಜೋಡಿಸಿದರೆ 11.1, ನಾಲ್ಕಾದರೆ 14.8. ಒಂದು ಕೆಳಗಾಯಿತು, ಇನ್ನೊಂದು ಮೇಲಾಯಿತು. ಅಂದರೆ 1950ರ ದಶಕದ ಕಾರು ಕಂಪನಿಗಳು ಆರಿಸಿಕೊಂಡ 12 ವೋಲ್ಟಿನ ಮನೆಯೊಳಗೆ ಬಲ್ಬು, ಪಂಪು, ಸ್ವಿಚ್ಚು ಯಾವುದನ್ನೂ ಬದಲಿಸದೆ ಕಾಲಿಡಬಲ್ಲ ಲಿಥಿಯಂ ಇದೊಂದೇ ಆಗಿತ್ತು. ಯಾರೂ ಹೀಗೆಂದು ಯೋಜಿಸಿರಲಿಲ್ಲ. ತಂತ್ರಜ್ಞಾನದ ಇತಿಹಾಸದಲ್ಲಿ ಜಾಣತನದಷ್ಟೇ ಪಾತ್ರ ಇಂಥ ಕಾಕತಾಳೀಯಗಳಿಗೂ ಉಂಟು.

ಪ್ರಯೋಗಾಲಯದಿಂದ ಗಾಡಿಯವರೆಗಿನ ದಾರಿ ಮಾತ್ರ ವಕೀಲರ ನಡುವೆ ಹಾದುಹೋಯಿತು. ಕಣಗಳಿಗೆ ಇಂಗಾಲದ ತೆಳು ಲೇಪ ಕೊಟ್ಟರೆ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆಂದು ಮಿಶೆಲ್ ಅರ್ಮಾಂಡ್ ಮತ್ತು ಕೆನಡಾದ ಹೈಡ್ರೊ-ಕ್ಯುಬೆಕ್‌ನ ಸಂಶೋಧಕರು ತೋರಿಸಿದರು. 2001ರಲ್ಲಿ ಎಂಐಟಿಯ ಬೇರಿನಿಂದ ಹುಟ್ಟಿದ ಎ123 ಸಿಸ್ಟಮ್ಸ್ ಎಂಬ ಬ್ಯಾಟರಿ ಕಂಪನಿ ಭಾರೀ ಭರವಸೆ ಮೂಡಿಸಿ 2012ರಲ್ಲಿ ದಿವಾಳಿಯೆದ್ದು ಚೀನಾದ ವಾನ್‌ಶಿಯಾಂಗ್ ಪಾಲಾಯಿತು. ಆಸ್ಟಿನ್‌ನ ವಿಶ್ವವಿದ್ಯಾಲಯ ಜಪಾನಿನ ಎನ್‌ಟಿಟಿ ಕಂಪನಿಯ ಮೇಲೆ ಎಲ್‌ಎಫ್‌ಪಿ ವಿಚಾರದಲ್ಲಿ ಹೂಡಿದ್ದ ಮೊಕದ್ದಮೆ 3 ಕೋಟಿ ಡಾಲರಿಗೆ ರಾಜಿಯಾಯಿತು. ಈ ಗದ್ದಲದ ಹೊರಗೆ ಚೀನಾದ ಕಾರ್ಖಾನೆಗಳು ತಮ್ಮ ದೇಶದ ಬಸ್ಸು, ಕಾರುಗಳಿಗಾಗಿ ಎಲ್‌ಎಫ್‌ಪಿಯನ್ನು ರಾಶಿರಾಶಿ ತಯಾರಿಸಿದವು. 2022ರ ಹೊತ್ತಿಗೆ ಮೂಲ ಪೇಟೆಂಟುಗಳೂ ಕಳೆದವು. ಕಳೆದ ದಶಕದ ಕೊನೆಯಲ್ಲಿ ಅಮೆರಿಕದ ಹೆಸರಾಂತ ಕಂಪನಿಯ 100 ಎಎಚ್ ಬ್ಯಾಟರಿಗೆ 900 ಡಾಲರ್ ದಾಟುತ್ತಿತ್ತು. ಇಂದು ಅದೇ ಅಳತೆಯದು 300ಕ್ಕೂ ಕಡಿಮೆಗೆ ಸಿಗುತ್ತದೆ. ಈ ಇಳಿಕೆಗೆ ಆರ್‌ವಿಯವರು ಮಾಡಿದ್ದೇನೂ ಇಲ್ಲ. ಎಲೆಕ್ಟ್ರಿಕ್ ವಾಹನಗಳು ಮತ್ತು ವಿದ್ಯುತ್ ಸಂಗ್ರಹಾಗಾರಗಳಿಗೆಂದು ಬೆಳೆದ ಉದ್ಯಮದ ಫಲ ಅವರ ಮಡಿಲಿಗೂ ಬಿತ್ತು.

ಲಿಥಿಯಂ ದುಬಾರಿ ಎಂಬ ಆಕ್ಷೇಪವನ್ನು ಈಗ ನೋಡಬಹುದು. ನೀರು ಹಾಕುವ ಗೋಜಿಲ್ಲದ ಎಜಿಎಂ ಮಾದರಿಯ ಸೀಸದ ಬ್ಯಾಟರಿಗೆ 200 ಡಾಲರ್ ಎಂದಿಟ್ಟುಕೊಳ್ಳಿ. ಸಲಕ್ಕೆ 0.6 ಯೂನಿಟ್‌ನಂತೆ 400 ಸಲ ಬಳಸಿದರೆ 240 ಯೂನಿಟ್. ಯೂನಿಟ್ಟಿಗೆ 80 ಸೆಂಟಿಗೂ ಮೇಲೆ. 300 ಡಾಲರಿನ ಎಲ್‌ಎಫ್‌ಪಿ ಸಲಕ್ಕೆ 1 ಯೂನಿಟ್‌ನಂತೆ 3,000 ಸಲ ಕೊಟ್ಟರೆ ಯೂನಿಟ್ಟಿಗೆ 10 ಸೆಂಟು. ಲಿಥಿಯಂ ಪರವಾದ ಈ ಲೆಕ್ಕವನ್ನು ಎಲ್ಲ ಮಾರಾಟಗಾರರೂ ಒಪ್ಪಿಸುತ್ತಾರೆ. ಅದರಲ್ಲೊಂದು ಮೋಸವಿದೆ. ವರ್ಷಕ್ಕೆ ಇಪ್ಪತ್ತು ರಾತ್ರಿ ಹೊರಗೆ ಕಳೆಯುವ ಕುಟುಂಬ 3,000 ಸಲ ಮುಗಿಸಲು ನೂರೈವತ್ತು ವರ್ಷ ಬೇಕು; ಅದಕ್ಕೆ ಎಷ್ಟೋ ಮೊದಲೇ ಬ್ಯಾಟರಿ ವಯಸ್ಸಿನಿಂದಲೇ ಸೋತಿರುತ್ತದೆ. ಅಂಥವರಿಗೆ ಆವರ್ತನಗಳ ಅಂಕಿ ಅರ್ಥಹೀನ, ಲಾಭವಿರುವುದು ತೂಕದಲ್ಲಿ ಮತ್ತು ಬಿಸಿಲು ಸಿಕ್ಕಷ್ಟನ್ನು ಹೀರಿಕೊಳ್ಳುವುದರಲ್ಲಿ. ಅರೆ ತುಂಬಿದ್ದರೂ ಎಲ್‌ಎಫ್‌ಪಿಗೆ ಬೇನೆಯಿಲ್ಲ. ಮೋಡ ಕವಿದ ಮೂರು ದಿನ ಅದನ್ನು ಕೊಲ್ಲುವುದಿಲ್ಲ. ನನ್ನ ಮಟ್ಟಿಗೆ ಇದೇ ಅದರ ಅತಿ ದೊಡ್ಡ ಗುಣ.

ಚಳಿಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಚಾರ್ಜ್ ಮಾಡಿದರೆ ಲಿಥಿಯಂ ಬ್ಯಾಟರಿಯ ಋಣಧ್ರುವದ ಗ್ರ್ಯಾಫೈಟಿನ ಒಳಕ್ಕೆ ಸೇರದೆ ಅದರ ಮೇಲೆ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಆ ಹಾನಿಗೆ ಮದ್ದಿಲ್ಲ. ಖರ್ಚು ಮಾಡಲು ಅಡ್ಡಿಯಿಲ್ಲ, ತುಂಬಲು ಮಾತ್ರ ಅಡ್ಡಿ. ಹಿಮದ ಮುಂಜಾವಿನಲ್ಲಿ ಸೋಲಾರ್ ಫಲಕಗಳ ಮೇಲೆ ಬಿಸಿಲು ಬಿದ್ದಾಗ ಬ್ಯಾಟರಿ ಇನ್ನೂ ಮರಗಟ್ಟಿರುತ್ತದೆ, ಅಪಾಯ ಅಲ್ಲೇ ಇರುವುದು. ಒಳ್ಳೆಯ ಬ್ಯಾಟರಿಯ ಬಿಎಂಎಸ್, ಅಂದರೆ ಸೆಲ್ಲುಗಳ ಮೇಲೆ ಕಣ್ಣಿಡುವ ಸರ್ಕ್ಯೂಟು, ಆಗ ಚಾರ್ಜನ್ನು ತಡೆಯುತ್ತದೆ. ಕೆಲವುಗಳಲ್ಲಿ ಬೆಚ್ಚಗಿಡುವ ಹೀಟರೂ ಇದೆ. ತೀರಾ ಅಗ್ಗದವುಗಳಲ್ಲಿ ಎರಡೂ ಇರದಿರುವುದುಂಟು. ಇಂಜಿನ್ನಿನ ಆಲ್ಟರ್ನೇಟರ್‌ನದು ಇನ್ನೊಂದು ಕಿರಿಕಿರಿ. ಒಳ ಅಡ್ಡಿ ಕಡಿಮೆಯಿರುವ ಎಲ್‌ಎಫ್‌ಪಿ ಕೊಟ್ಟಷ್ಟನ್ನೂ ಎಳೆಯುತ್ತದೆ, ಇಂಜಿನ್ ಚಾಲೂ ಇಟ್ಟು ನಿಂತ ಗಾಡಿಯಲ್ಲಿ ಆಲ್ಟರ್ನೇಟರ್ ಕಾದು ಸುಡಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಇಟ್ಟು ಕರೆಂಟನ್ನು ಮಿತಿಯಲ್ಲಿ ಹಿಡಿಯಬೇಕು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು ಎಂಬ ಜಾಹೀರಾತು ದೀಪ, ಪಂಪಿನ ಮಟ್ಟಿಗೆ ನಿಜ, ಚಾರ್ಜಿಂಗಿನ ಮಟ್ಟಿಗೆ ಅಲ್ಲ.

ಪರಿಸರದ ವಿಷಯದಲ್ಲಿ ಲಿಥಿಯಂ ಪಕ್ಷದವರು ತುಸು ತಗ್ಗಿ ಮಾತಾಡುವುದು ಒಳ್ಳೆಯದು. ಸೀಸ ವಿಷ, ನಿಜ. ಆದರೆ ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ಸೀಸದ ಬ್ಯಾಟರಿಗಳೂ ಮರುಬಳಕೆಗೆ ಹೋಗುತ್ತವೆ, ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟ್, ನಿಕ್ಕಲ್ ಇಲ್ಲದ್ದರಿಂದಲೇ ಅದನ್ನು ಬಿಡಿಸಿ ಲಾಭ ಮಾಡುವುದು ಕಷ್ಟ.

ಈ ನಡುವೆ ಗಾಲಿಮನೆಯ ಹಸಿವೂ ಬೆಳೆದಿದೆ. ಗ್ಯಾಸಿನ ಫ್ರಿಜ್ಜಿನ ಜಾಗಕ್ಕೆ ದಿನಕ್ಕೆ 0.6–0.8 ಯೂನಿಟ್ ಬೇಡುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬಂದಿದೆ. 2022ರಿಂದ ಆರ್‌ವಿಗಳಿಗೂ ಸಿಗುತ್ತಿರುವ ಸ್ಟಾರ್‌ಲಿಂಕ್ ಇಂಟರ್‌ನೆಟ್ ದಿನವಿಡೀ ಹಚ್ಚಿಟ್ಟರೆ 50–75 ವ್ಯಾಟಿನಂತೆ 1.2ರಿಂದ 1.8 ಯೂನಿಟ್ ನುಂಗುತ್ತದೆ, ಫ್ರಿಜ್ಜಿಗಿಂತ ಹೆಚ್ಚು. ಚಾವಣಿಯ 400 ವ್ಯಾಟ್ ಸೋಲಾರ್ ಚಳಿಗಾಲದಲ್ಲಿ ಕೊಡುವುದು ದಿನಕ್ಕೆ ಒಂದೂಕಾಲು ಯೂನಿಟ್ ಆಸುಪಾಸು. ಎಷ್ಟು ದೊಡ್ಡ ಬ್ಯಾಟರಿ ಇಟ್ಟರೂ ಈ ಅಂತರ ಮುಚ್ಚುವುದಿಲ್ಲ. ಬ್ಯಾಟರಿ ಕೂಡಿಡುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ. ಲಿಥಿಯಂ ಇದ್ದರೆ ಏಸಿಯೂ ನಡೆಯುತ್ತದೆ ಎನ್ನುವವರು 400 ಎಎಚ್‌ನ 5 ಯೂನಿಟ್ಟನ್ನು ಒಂದೂವರೆ ಕಿಲೋವ್ಯಾಟಿನ ಏಸಿ ಮೂರೂವರೆ ಗಂಟೆಯೊಳಗೆ ಮುಗಿಸುತ್ತದೆ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಕೊಳ್ಳುವವರು ಮೊದಲು ಬರೆದುಕೊಳ್ಳಬೇಕಾದ್ದು ತಮ್ಮ ಒಂದು ದಿನದ ಖರ್ಚನ್ನು, ಆಮೇಲೆ ಬಿಸಿಲಿನ ಆದಾಯವನ್ನು, ಬ್ಯಾಟರಿಯ ಅಳತೆ ಕೊನೆಗೆ. ಪ್ಲಗ್ಗಿರುವ ಶಿಬಿರಗಳಲ್ಲೇ ತಂಗುವವರಿಗೆ ಸೀಸದ ಬ್ಯಾಟರಿ ಇಂದಿಗೂ ಸಾಕು. ಕ್ವಾರ್ಟ್‌ಸೈಟಿನಂಥ ಬಯಲಿನಲ್ಲಿ ವಾರಗಟ್ಟಲೆ ಬಿಸಿಲನ್ನೇ ನಂಬಿ ಕೂರುವವರಿಗೆ ಕಬ್ಬಿಣದ ಫಾಸ್ಫೇಟಿನಷ್ಟು ಹೊಂದುವ ಬ್ಯಾಟರಿ ಸದ್ಯಕ್ಕೆ ಇನ್ನೊಂದಿಲ್ಲ.