ಮುಗಿಯದ ಆಟ

ನಲವತ್ತು ದಾಟಿದ ಮುಂಬಯಿ ಕನ್ನಡಿಗರಲ್ಲಿ ಕೆಲವರಾದರೂ ಲ್ಯಾಮಿಂಗ್ಟನ್ ರಸ್ತೆಯಿಂದ ಕ್ಯಾಸೆಟ್ ತಂದು, ಟಿ.ವಿ.ಗೆ ಜೋಡಿಸಿ ವಿಡಿಯೊ ಆಟ ಆಡಿದವರೇ. ಅಂಗಡಿಯವನಿಗೆ ಹಣ ಸಲ್ಲುತ್ತಿದ್ದುದು ಒಮ್ಮೆ ಮಾತ್ರ; ಸೋತವನನ್ನು ಪರದೆಯೇ ಎಬ್ಬಿಸಿ ಕಳಿಸುತ್ತಿತ್ತು. ಇಂದಿನ ಮೊಬೈಲ್ ಆಟಗಳು ಬಹುಪಾಲು ಉಚಿತ. ಆದಾಯವು ಜಾಹೀರಾತಿನಿಂದಲೂ ಆಟದೊಳಗಿನ ಖರೀದಿಯಿಂದಲೂ ಬರಬೇಕಾದುದರಿಂದ, ಆಟಗಾರನು ಏಳದಂತೆ, ಎದ್ದರೂ ಮರಳುವಂತೆ ಅವು ರಚಿತವಾಗಿವೆ. ಯಾವಾಗ ದೊರೆಯುವುದೆಂದು ತಿಳಿಯದ ಬಹುಮಾನದ ಸೆಳೆತವನ್ನು ಮಟಕಾ ಕಂಡ ಈ ನಗರಕ್ಕೆ ವಿವರಿಸಬೇಕಾಗಿಲ್ಲ.

ಆದರೆ ವಿರಾರ್ ಲೋಕಲ್ಲಿನಲ್ಲಿ ಆಡುತ್ತ ಕುಳಿತವನನ್ನೆಲ್ಲ ರೋಗಿಯೆನ್ನಲಾಗದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯು ಗಂಟೆಗಳನ್ನು ಎಣಿಸುವುದಿಲ್ಲ. ಆಟದ ಮೇಲಿನ ಹತೋಟಿ ತಪ್ಪಿ, ಅದು ಇತರ ಕರ್ತವ್ಯಗಳನ್ನು ಹಿಂದಿಕ್ಕಿ, ಹಾನಿಯಾದರೂ ಮುಂದುವರಿದು, ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಿದ್ದರೆ ಅದು ವ್ಯಾಧಿ. ಎವೆಯಿಕ್ಕುವುದು ಕಡಿಮೆಯಾಗಿ ಕಣ್ಣು ಒಣಗುವುದು, ಹೆಬ್ಬೆರಳಿನ ಬುಡ ನೋಯುವುದು ಬೇರೆಯೇ ಮಾತು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕೆಂದು ‘ಶಟ್’ ಚಿಕಿತ್ಸಾಲಯವನ್ನು ತೆರೆಯಿತು. ಹಣ ಹೂಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಶಾಸನವು ನಿಷೇಧಿಸಿತು. ಹಣವಿಲ್ಲದ ಆಟದಿಂದ ಮಗನು ಊಟಕ್ಕೆ ಏಳದಿದ್ದರೆ ಶಾಸನವು ನೆರವಿಗೆ ಬಾರದು. ಫೋನನ್ನು ಕಸಿಯುವ ಮುನ್ನ ಅವನು ಯಾವುದನ್ನು ಮರೆಯಲು ಆಡುತ್ತಿರುವನೆಂದು ಪಾಲಕರು ವಿಚಾರಿಸಬೇಕು: ಪರೀಕ್ಷೆಯ ಭಯವೋ, ಗೆಳೆಯರಿಲ್ಲದ ಹೊಸ ಸೊಸೈಟಿಯೋ, ಬಾರದ ನಿದ್ರೆಯೋ.